ಪ್ರಾಕ್ಟಿಸ್ ಮೋಡ್ ಒತ್ತುವ ಮೊದಲು, ರೋಬೋ ನಿಲ್ಲುತ್ತಾ ನೋಡಿ

ಪ್ರಶ್ನೆ: ನಾವು ಅಮೆರಿಕದ ಮಿಶಿಗನ್‌ನಲ್ಲಿದ್ದೇವೆ. ಮಗಳು ಹೈಸ್ಕೂಲಿನ ಎಫ್‌ಆರ್‌ಸಿ ರೋಬೋ ತಂಡದಲ್ಲಿ ಡ್ರೈವರ್. ನಾನು ಓದಿದ್ದು ಕಾಮರ್ಸ್. ಆದರೂ ಈ ವರ್ಷ ಮೆಂಟರ್ ಆಗಿ ಹೆಸರು ಕೊಟ್ಟಿದ್ದೇನೆ. ಶಾಲೆಯ ಕೆಫೆಟೀರಿಯಾದಲ್ಲಿ ಮೇಜುಗಳನ್ನು ಸರಿಸಿ, ನೆಲಕ್ಕೆ ಟೇಪ್ ಅಂಟಿಸಿ ಮಕ್ಕಳು ಪಂದ್ಯದ ಹಾಗೆಯೇ ಅಭ್ಯಾಸ ಮಾಡುತ್ತಾರೆ. ಕಳೆದ ವಾರ ಪ್ರಾಕ್ಟಿಸ್ ಮೋಡ್‌ನಲ್ಲಿ ಆಟೋ ಮುಗಿದು ಟೆಲಿಆಪ್ ಶುರುವಾಯಿತು. ಯಾರೂ ಜಾಯ್‌ಸ್ಟಿಕ್ ಮುಟ್ಟಿರಲಿಲ್ಲ, ರೋಬೋ ತಾನೇ ನುಗ್ಗಿ ಮೇಜಿಗೆ ಗುದ್ದಿತು. ‘ನಿಲ್ಲಿಸಿ’ ಅಂತ ಎಲ್ಲರೂ ಕೂಗಿದರು. ಯಾರು ನಿಲ್ಲಿಸಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಇದನ್ನು ಸೇಫ್ ಆಗಿ ಮಾಡುವುದು ಹೇಗೆ? ಟೆಕ್ನಿಕಲ್ ವಿಷಯ ಗೊತ್ತಿಲ್ಲದ ನಾನು ಏನು ಮಾಡಬಹುದು?

ಉತ್ತರ: ರೋಬೋ ತಾನಾಗಿ ಓಡಿದ್ದು ಬಹುಶಃ ಕೋಡ್‌ನ ತಪ್ಪು. ಅದನ್ನು ಮಕ್ಕಳೇ ಒಂದು ಸಂಜೆಯಲ್ಲಿ ಸರಿ ಮಾಡುತ್ತಾರೆ. ಅದನ್ನು ನಿಲ್ಲಿಸುವವರು ಯಾರು ಅನ್ನುವುದು ಗೊತ್ತಿರಲಿಲ್ಲ ಅಂದಿರಲ್ಲ, ಅದು ಜಾಸ್ತಿ ಗಂಭೀರ. ಅದನ್ನು ಸರಿ ಮಾಡಲು ಕೋಡ್ ಬರಬೇಕಾಗಿಲ್ಲ, ನೀವೇ ಮಾಡಬಹುದು.

ಎಫ್‌ಆರ್‌ಸಿ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಇದು ‘ಫಸ್ಟ್’ ಸಂಸ್ಥೆ ನಡೆಸುವ ಹೈಸ್ಕೂಲ್ ಮಕ್ಕಳ ರೋಬೋ ಸ್ಪರ್ಧೆ. ಡೀನ್ ಕೇಮನ್ ಆ ಸಂಸ್ಥೆ ಕಟ್ಟಿದ್ದು 1989ರಲ್ಲಿ, ಮೊದಲ ಸ್ಪರ್ಧೆ ನಡೆದದ್ದು 1992ರಲ್ಲಿ. ಹೆಚ್ಚುಕಮ್ಮಿ 54 ಅಡಿ ಉದ್ದ, 27 ಅಡಿ ಅಗಲದ ಮೈದಾನದಲ್ಲಿ ಮೂರು ರೋಬೋ ಒಂದು ಕಡೆ, ಮೂರು ಇನ್ನೊಂದು ಕಡೆ. ಮೊದಲು ರೋಬೋ ತನ್ನ ಪಾಡಿಗೆ ತಾನು ಆಡುವ ‘ಆಟೋ’, ಆಮೇಲೆ ಮಕ್ಕಳು ಓಡಿಸುವ ‘ಟೆಲಿಆಪ್’. ಮಿಶಿಗನ್‌ನಲ್ಲಂತೂ ಇದರ ಹುಚ್ಚು ಜಾಸ್ತಿ. ಜಿಲ್ಲಾ ಪಂದ್ಯಗಳ ಪದ್ಧತಿ ಶುರುವಾದದ್ದೇ ಅಲ್ಲಿ, 2009ರಲ್ಲಿ.

ಈಗ ಪ್ರಾಕ್ಟಿಸ್ ಮೋಡ್ ವಿಷಯಕ್ಕೆ ಬರೋಣ. ಲ್ಯಾಪ್‌ಟಾಪ್‌ನಲ್ಲಿ ರೋಬೋ ಓಡಿಸುವ ತಂತ್ರಾಂಶಕ್ಕೆ ಡ್ರೈವರ್ ಸ್ಟೇಷನ್ ಅಂತ ಹೆಸರು. ಅದರಲ್ಲಿ ಪ್ರಾಕ್ಟಿಸ್ ಆರಿಸಿ ಎನೇಬಲ್ (ಅಂದರೆ ರೋಬೋ ಅಲುಗಲು ಅನುಮತಿ) ಒತ್ತಿದರೆ ಅದು ಪಂದ್ಯದ ಗಡಿಯಾರ ಓಡಿಸುತ್ತದೆ. ಮೊದಲು ಎಣಿಕೆ, ಆಮೇಲೆ ಆಟೋ, ಒಂದು ಸಣ್ಣ ಬಿಡುವು, ಟೆಲಿಆಪ್, ಕೊನೆಗೆ ತಾನಾಗಿ ಡಿಸೇಬಲ್. ಎಷ್ಟು ಸೆಕೆಂಡ್ ಅನ್ನುವುದನ್ನು ಸೆಟಪ್ ಟ್ಯಾಬ್‌ನಲ್ಲಿ ನಾವೇ ತುಂಬಬೇಕು. 2025ರವರೆಗೆ ಎಷ್ಟೋ ವರ್ಷ ಆಟೋಗೆ 15 ಸೆಕೆಂಡ್, ಟೆಲಿಆಪ್‌ಗೆ 2 ನಿಮಿಷ 15 ಸೆಕೆಂಡ್ ಇತ್ತು. ಆಯಾ ವರ್ಷದ ಕೈಪಿಡಿ ನೋಡಿ ತುಂಬಿ, ಹಳೆಯ ಅಂಕಿ ಹಾಗೇ ಬಿಡಬೇಡಿ. ಪ್ರಾಕ್ಟಿಸ್ ಮೋಡ್ ಮಾಡುವುದು ಇಷ್ಟೇ. ಎದುರಾಳಿ, ಮೈದಾನದ ಗೋಡೆ, ರೆಫರಿ ಯಾವುದೂ ಅದರಲ್ಲಿಲ್ಲ.

ಅಪಾಯ ಇರುವುದು ಆ ಗಡಿಯಾರದಲ್ಲೇ. ಬರೀ ಟೆಲಿಆಪ್ ಮೋಡ್‌ನಲ್ಲಿ ಪ್ರತಿ ಸಲ ಒಬ್ಬ ಮನುಷ್ಯ ನೋಡಿ, ಯೋಚಿಸಿ ಎನೇಬಲ್ ಒತ್ತುತ್ತಾನೆ. ಪ್ರಾಕ್ಟಿಸ್‌ನಲ್ಲಿ ಒಂದು ಸಲ ಒತ್ತಿದ ಮೇಲೆ ಯಂತ್ರವೇ ತೀರ್ಮಾನ ಮಾಡುತ್ತದೆ. ಆಟೋ ಮುಗಿದ ಕೂಡಲೇ ರೋಬೋ ನಿಲ್ಲುತ್ತದೆ. ಮೋಟಾರ್ ಸದ್ದು ಅಡಗುತ್ತದೆ. ‘ಓ ನಿಂತಿತು’ ಅಂತ ಯಾರೋ ಒಬ್ಬ ಹುಡುಗ ಉರುಳಿಹೋದ ಚೆಂಡು ಎತ್ತಲು ಒಳಗೆ ಕಾಲಿಡುತ್ತಾನೆ. ಒಂದೆರಡು ಸೆಕೆಂಡಿಗೆ ಅದು ಮತ್ತೆ ಎದ್ದು ಕೂರುತ್ತದೆ. ರೋಬೋ ಮೇಲಿನ ಕಿತ್ತಳೆ ದೀಪವನ್ನು ಎಲ್ಲರಿಗೂ ತೋರಿಸಿ: ಮಿನುಗುತ್ತಿದ್ದರೆ ಎನೇಬಲ್ ಆಗಿದೆ, ಸುಮ್ನೆ ಉರಿಯುತ್ತಿದ್ದರೆ ಡಿಸೇಬಲ್ ಆಗಿದೆ. ಆದರೆ ಈ ಬಿಡುವಿನಲ್ಲಿ ದೀಪವೂ ಸುಮ್ನೆ ಉರಿಯುತ್ತದೆ, ಆಗಲೂ ಒಳಗೆ ಹೋಗುವ ಹಾಗಿಲ್ಲ. ಹಾಗಾಗಿ ದೀಪ ನೋಡಿ ಯಾರೂ ಒಳಗೆ ಹೋಗಕೂಡದು. ನಿಲ್ಲಿಸುವವರು ‘ಹೋಗಿ’ ಅಂದ ಮೇಲೆ ಮಾತ್ರ ಹೋಗಬೇಕು.

ಆ ನಿಲ್ಲಿಸುವವರು ನೀವೇ ಆಗಿ. ಟೆಕ್ನಿಕಲ್ ಅಲ್ಲ ಅಂದಿರಿ. ನನ್ನ ಲೆಕ್ಕದಲ್ಲಿ ಈ ಕೆಲಸಕ್ಕೆ ಅದು ಅನುಕೂಲವೇ. ಕೋಡ್ ಬರೆದವರನ್ನು ಕೂರಿಸಿದರೆ ರೋಬೋ ತಪ್ಪು ದಾರಿ ಹಿಡಿದಾಗ ‘ಯಾಕೆ ಹೀಗೆ ಮಾಡ್ತಿದೆ’ ಅಂತ ಕುತೂಹಲದಿಂದ ಒಂದು ಸೆಕೆಂಡ್ ಜಾಸ್ತಿ ನೋಡುತ್ತಾರೆ. ಡ್ರೈವರ್‌ಗೆ ಆ ಕೆಲಸ ಕೊಡಲೇಬೇಡಿ, ಅವರ ಎರಡೂ ಕೈ ಕಂಟ್ರೋಲರ್ ಮೇಲಿರುತ್ತವೆ. ನಿಮಗೆ ಬೇಕಾದದ್ದು ಎರಡು ಕೀ. ಎಂಟರ್ ಒತ್ತಿದರೆ ಡಿಸೇಬಲ್. ಸ್ಪೇಸ್‌ಬಾರ್ ಒತ್ತಿದರೆ ಎಮರ್ಜೆನ್ಸಿ ಸ್ಟಾಪ್. ಲ್ಯಾಪ್‌ಟಾಪ್‌ನಲ್ಲಿ ಬೇರೆ ಯಾವ ವಿಂಡೋ ತೆರೆದಿದ್ದರೂ ಸ್ಪೇಸ್‌ಬಾರ್ ಕೆಲಸ ಮಾಡುತ್ತದೆ. ಅದಕ್ಕೇ ಗಾಬರಿಯಾದಾಗ ಸ್ಪೇಸ್‌ಬಾರನ್ನೇ ಒತ್ತಿ. ಕಣ್ಣು ಯಾವಾಗಲೂ ರೋಬೋ ಮೇಲಿರಲಿ, ಸ್ಕ್ರೀನ್ ಮೇಲೆ ಬೇಡ. ಕೈ ಕೀಬೋರ್ಡ್ ಬಿಟ್ಟು ಏಳಬಾರದು. ಯಾರಾದರೂ ಮಾತಾಡಿಸಿದರೂ ತಿರುಗಿ ನೋಡಬೇಡಿ.

ಇಲ್ಲಿ ಒಂದು ಸಣ್ಣ ಕಿರಿಕಿರಿ ಇದೆ. ಸ್ಪೇಸ್‌ಬಾರ್ ಒತ್ತಿದ ಮೇಲೆ ರೋಬೋದ ಒಳಗಿನ ಕಂಪ್ಯೂಟರ್, ಅಂದರೆ ರೋಬೋರಿಯೋ, ರೀಬೂಟ್ ಆಗುವ ತನಕ ಮತ್ತೆ ಎನೇಬಲ್ ಆಗುವುದಿಲ್ಲ. ಮಕ್ಕಳಿಗೆ ಅಷ್ಟು ಹೊತ್ತು ಕಾಯಬೇಕು ಅಂದರೆ ಸಿಟ್ಟು ಬರುತ್ತದೆ. ‘ಸುಮ್ನೆ ಒತ್ತಿಬಿಟ್ರಲ್ಲಾ ಆಂಟಿ’ ಅಂತ ಒಂದು ಸಲ ಗೊಣಗಿದರೆ ಸಾಕು, ಮುಂದಿನ ಸಲ ನಿಮ್ಮ ಬೆರಳು ಹಿಂಜರಿಯುತ್ತದೆ. ಮೊದಲ ದಿನವೇ ಎಲ್ಲರ ಎದುರು ಹೇಳಿ: ತಪ್ಪಾಗಿ ನಿಲ್ಲಿಸಿದ್ದಕ್ಕೆ ಯಾರೂ ಯಾರನ್ನೂ ಬೈಯುವ ಹಾಗಿಲ್ಲ. ಆಮೇಲೆ ಪ್ರತಿ ಸೆಷನ್ ಶುರುವಿನಲ್ಲಿ ಒಂದು ಸಲ, ಯಾರಿಗೂ ಹೇಳದೆ, ರೋಬೋ ಓಡುತ್ತಿರುವಾಗ ನಿಲ್ಲಿಸಿ. ಅದು ಎಲ್ಲಿ ಓಡುತ್ತಿತ್ತು, ಎಲ್ಲಿ ಹೋಗಿ ನಿಂತಿತು ಅಂತ ಟೇಪ್ ಹಿಡಿದು ಅಳೆಯಿರಿ. ಈ ಅಳತೆ ಮುಂದೆ ಬೇಕಾಗುತ್ತದೆ.

ನಿಮ್ಮ ರೋಬೋ ಯಾಕೆ ನುಗ್ಗಿತು? ಕೋಡ್ ನೋಡದೆ ಖಚಿತವಾಗಿ ಹೇಳಲಾರೆ. ನೀವು ಹೇಳಿದ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಆಟೋ ಕಮಾಂಡ್ ಮೇಲೆ. ಈ ತಂಡಗಳು ಬಳಸುವ ಡಬ್ಲ್ಯುಪಿಐಲಿಬ್ ಅನ್ನುವ ಸಿದ್ಧ ಕೋಡ್ ಸಂಗ್ರಹದ ಕಮಾಂಡ್ ಮಾದರಿ ಕೋಡ್‌ನಲ್ಲಿ, ಟೆಲಿಆಪ್ ಶುರುವಾಗುವ ಜಾಗದಲ್ಲಿ ‘ಆಟೋ ಕಮಾಂಡ್ ಇನ್ನೂ ನಡೆಯುತ್ತಿದ್ದರೆ ರದ್ದು ಮಾಡು’ ಅನ್ನುವ ಒಂದೆರಡು ಸಾಲು ಇರುತ್ತದೆ. ಕೋಡ್ ಚೊಕ್ಕ ಮಾಡುವಾಗ ಅದನ್ನು ಅಳಿಸಿಬಿಡುವುದು ಮಾಮೂಲು. ಬಿಡುವಿನಲ್ಲಿ ಡಿಸೇಬಲ್ ಆದಾಗ ಕಮಾಂಡ್ ಸಾಮಾನ್ಯವಾಗಿ ತಾನಾಗಿ ರದ್ದಾಗುತ್ತದೆ. ಆದರೆ ‘ಡಿಸೇಬಲ್ ಇದ್ದರೂ ನಡೆ’ ಅಂತ ಬರೆದ ಆಟೋ ಆದರೆ, ಆ ಸಾಲಿಲ್ಲದಿದ್ದಾಗ, ಟೆಲಿಆಪ್ ಬಂದ ಮೇಲೂ ಮುಂದುವರಿಯುತ್ತದೆ. ಆಟೋ ಒಂದನ್ನೇ ಓಡಿಸಿ ನೋಡಿದರೆ ಈ ದೋಷ ಕಾಣುವುದಿಲ್ಲ, ಟೆಲಿಆಪ್ ಒಂದನ್ನೇ ಓಡಿಸಿದರೂ ಕಾಣುವುದಿಲ್ಲ. ಎರಡನ್ನೂ ಜೋಡಿಸಿದಾಗ ಮಾತ್ರ ಹೊರಗೆ ಬರುತ್ತದೆ. ಆ ಲೆಕ್ಕದಲ್ಲಿ ಪ್ರಾಕ್ಟಿಸ್ ಮೋಡ್ ತನ್ನ ಕೆಲಸ ಮಾಡಿದೆ, ಅಲ್ವಾ? ಮಾಡಿದ ಜಾಗ ಮಾತ್ರ ಸರಿಯಿರಲಿಲ್ಲ.

ಎರಡನೇ ಅನುಮಾನ ಕಂಟ್ರೋಲರ್ ಮೇಲೆ. ಆಟೋ ನಡೆಯುವಾಗ ಡ್ರೈವರ್‌ಗಳು ಅದನ್ನು ಕೆಳಗಿಡಬೇಕು ಅನ್ನುವುದು ಪಂದ್ಯದ ನಿಯಮ. ಸ್ಟಿಕ್ ಕೆಳಗಾಗಿ ಮೇಜಿನ ಮೇಲಿಟ್ಟರೆ ಅದು ಒತ್ತಿದ ಸ್ಥಿತಿಯಲ್ಲೇ ಇರುತ್ತದೆ. ಡ್ರೈವರ್ ಸ್ಟೇಷನ್‌ನ ಯುಎಸ್‌ಬಿ ಟ್ಯಾಬ್ ತೆರೆದು, ಯಾರೂ ಮುಟ್ಟದಿರುವಾಗ ಸ್ಟಿಕ್‌ನ ಅಕ್ಷಗಳ ಪಟ್ಟಿ ನಡುವೆ ನಿಂತಿದೆಯೇ ನೋಡಿ.

ಇದಕ್ಕಿಂತ ನನಗೆ ಹೆಚ್ಚು ಭಯ ತೋಳಿನದ್ದು. ರೋಬೋಗೆ ಎತ್ತುವ ತೋಳು ಇದ್ದರೆ, ಅದರ ಮೋಟಾರ್ ಕಂಟ್ರೋಲರ್‌ಗೆ ‘ಈ ಕೋನಕ್ಕೆ ಹೋಗು’ ಅಂತ ಒಂದು ಗುರಿ ಕೊಟ್ಟಿರುತ್ತಾರೆ. ಆಟೋದಲ್ಲಿ ತೋಳು ಮೇಲಿತ್ತು ಅಂದುಕೊಳ್ಳಿ. ಡಿಸೇಬಲ್ ಆಯಿತು, ತೋಳು ತನ್ನ ಭಾರಕ್ಕೆ ಕೆಳಗೆ ಬಂತು. ಯಾರೋ ಹತ್ತಿರ ಹೋಗಿ ಬಾಗಿ ಏನನ್ನೋ ಸರಿಮಾಡುತ್ತಿದ್ದಾರೆ. ಮತ್ತೆ ಎನೇಬಲ್ ಆದ ಕ್ಷಣ ಹಳೆಯ ಗುರಿ ಇನ್ನೂ ಉಳಿದಿದ್ದರೆ ತೋಳು ಪೂರ್ತಿ ಬಲದಿಂದ ಮೇಲಕ್ಕೆ ಚಿಮ್ಮುತ್ತದೆ. ಅದು ಇರುವುದು ಬಾಗಿದವರ ಮುಖದ ಮಟ್ಟದಲ್ಲಿ. ಪ್ರೋಗ್ರಾಮರ್ ಮಕ್ಕಳಿಗೆ ಹೇಳಿ: ಡಿಸೇಬಲ್ ಇರುವಾಗಲೆಲ್ಲ ‘ಈಗ ಎಲ್ಲಿದ್ದೀಯೋ ಅದೇ ನಿನ್ನ ಗುರಿ’ ಅಂತ ಬದಲಿಸುತ್ತಿರಬೇಕು. ಎನೇಬಲ್ ಆದ ಮೇಲೆ ಯಾರಾದರೂ ಬಟನ್ ಒತ್ತುವ ತನಕ ತೋಳು ಅಲುಗಬಾರದು.

ಡಿಸೇಬಲ್ ಅಂದರೆ ಮೋಟಾರ್‌ಗೆ ಆಜ್ಞೆ ನಿಂತಿದೆ ಅಂತ ಅಷ್ಟೇ. ಶೂಟರ್ ಚಕ್ರ ಇನ್ನೂ ತಿರುಗುತ್ತಿರುತ್ತದೆ. ಎಳೆದ ಸ್ಪ್ರಿಂಗ್ ಹಾಗೇ ಇರುತ್ತದೆ. ಗಾಳಿ ಬಳಸುವ ರೋಬೋ ಆದರೆ ಟ್ಯಾಂಕ್‌ನಲ್ಲಿ 120 ಪಿಎಸ್‌ಐ ವರೆಗೂ ಒತ್ತಡ ಕೂತಿರುತ್ತದೆ. ಕೈ ಒಳಗೆ ಹಾಕುವ ಮೊದಲು ಮುಖ್ಯ ಬ್ರೇಕರ್‌ನ ಕೆಂಪು ಗುಂಡಿ ಒತ್ತಿ ಕರೆಂಟ್ ಕಡಿಯಬೇಕು, ವಾಲ್ವ್ ತಿರುಗಿಸಿ ಗಾಳಿ ಬಿಡಬೇಕು, ತೋಳಿಗೆ ಆಸರೆ ಕೊಡಬೇಕು. ಸೇಫ್ಟಿ ಕನ್ನಡಕ ಎಲ್ಲರಿಗೂ ಕಡ್ಡಾಯ. ನೋಡಲು ಬಂದ ತಮ್ಮ ತಂಗಿಯರಿಗೂ ವಿನಾಯಿತಿ ಇಲ್ಲ. ಕೊರಳಿಗೆ ಹಾಕುವ ಬ್ಯಾಡ್ಜ್ ದಾರ ಅಂಗಿಯೊಳಗೆ ಹೋಗಲಿ, ಉದ್ದ ಜಡೆಯನ್ನು ಮೇಲೆ ಕಟ್ಟಲಿ.

ಈಗ ಜಾಗದ ಲೆಕ್ಕ. 2025ರಲ್ಲಿ ರೋಬೋ ತೂಕದ ಮಿತಿ 115 ಪೌಂಡ್, ಅಂದರೆ 52 ಕೆಜಿ. ಬಂಪರ್, ಬ್ಯಾಟರಿ ಸೇರಿದರೆ 65 ಕೆಜಿ ಹತ್ತಿರ. ಈಗಿನ ಸ್ವರ್ವ್ ಡ್ರೈವ್ (ಒಂದೊಂದು ಚಕ್ರವೂ ಬೇರೆಬೇರೆಯಾಗಿ ದಿಕ್ಕು ತಿರುಗುವ) ರೋಬೋ ಸೆಕೆಂಡಿಗೆ ನಾಲ್ಕೂವರೆ ಮೀಟರ್ ಸಲೀಸಾಗಿ ಓಡುತ್ತದೆ. ಆ ವೇಗದಲ್ಲಿ ಅದು ಗುದ್ದುವುದೂ ಅಷ್ಟೇ ತೂಕದ ಮೂಟೆ ಒಂದು ಮೀಟರ್ ಎತ್ತರದಿಂದ ಕಾಲ ಮೇಲೆ ಬೀಳುವುದೂ ಒಂದೇ. ನೀವು ನೋಡಿ, ತಿಳಿದು, ಕೀ ಒತ್ತಲು ಅರ್ಧ ಸೆಕೆಂಡ್ ಹಿಡಿದರೆ ಅಷ್ಟರಲ್ಲಿ ರೋಬೋ 2.25 ಮೀಟರ್ ಹೋಗಿರುತ್ತದೆ. ಆಮೇಲೆ ಜಾರುವ ದೂರ ಬೇರೆ. ಮೋಟಾರ್‌ಗಳು ಬ್ರೇಕ್ ಮೋಡ್‌ನಲ್ಲಿದ್ದರೆ ಕಡಿಮೆ, ಕೋಸ್ಟ್‌ನಲ್ಲಿ, ಅಂದರೆ ಚಕ್ರ ತಾನೇ ಉರುಳುವ ಹಾಗೆ ಬಿಟ್ಟಿದ್ದರೆ, ಎಷ್ಟೋ ಜಾಸ್ತಿ. ಪಂದ್ಯದ ಮೈದಾನದಲ್ಲಿ ಕಾರ್ಪೆಟ್ ಇರುತ್ತದೆ, ಕೆಫೆಟೀರಿಯಾದ ನುಣುಪು ನೆಲದಲ್ಲಿ ಚಕ್ರ ಅಷ್ಟು ಹಿಡಿಯುವುದಿಲ್ಲ. ಎಲ್ಲ ಸೇರಿಸಿದರೆ ಟೇಪ್ ಗೆರೆಯಿಂದ ಆಚೆ ನಾಲ್ಕು ಮೀಟರ್ ಖಾಲಿ ಜಾಗ ಬೇಕು. ನಿಮ್ಮಲ್ಲಿ ಅಷ್ಟು ಇರಲಿಕ್ಕಿಲ್ಲ.

ಹಾಗಾದರೆ ವೇಗ ಇಳಿಸಿ. ‘ನಿಧಾನ ಓಡ್ಸು’ ಅಂತ ಹೇಳಿ ಪ್ರಯೋಜನ ಇಲ್ಲ. ಹದಿನಾರು ವರ್ಷದವರು ಮೂರು ನಿಮಿಷ ನಿಧಾನ ಓಡಿಸಿದ್ದನ್ನು ನಾನು ಕಂಡಿಲ್ಲ. ಕೋಡ್‌ನಲ್ಲೇ ಮಿತಿ ಹಾಕಿ, ಸೆಕೆಂಡಿಗೆ ಒಂದೂವರೆ ಮೀಟರ್ ಸಾಕು. ಒಂದು ಮುಖ್ಯ ಮಾತು: ಟೆಲಿಆಪ್‌ಗೆ ಹಾಕಿದ ಮಿತಿ ಆಟೋಗೆ ತಗಲುವುದಿಲ್ಲ. ಪಾತ್‌ಪ್ಲಾನರ್‌ನಂಥ ತಂತ್ರಾಂಶದಲ್ಲಿ ಬರೆದ ಆಟೋ ದಾರಿಗೆ ಅದರದ್ದೇ ವೇಗದ ಮಿತಿ ಇರುತ್ತದೆ. ಎರಡೂ ಕಡೆ ಇಳಿಸಬೇಕು. ಪೂರ್ತಿ ವೇಗದ ಅಭ್ಯಾಸಕ್ಕೆ ಶಾಲೆಯ ಜಿಮ್ ಕೇಳಿ, ಇಲ್ಲವೇ ಹತ್ತಿರದ ಯಾವುದಾದರೂ ತಂಡ ಪೂರ್ತಿ ಮೈದಾನ ಹಾಕಿದೆಯೇ ವಿಚಾರಿಸಿ. ಅಂಥ ತಂಡಗಳು ಸಾಮಾನ್ಯವಾಗಿ ಬೇರೆಯವರಿಗೂ ಜಾಗ ಬಿಟ್ಟುಕೊಡುತ್ತವೆ.

ಎನೇಬಲ್ ಒತ್ತುವ ಮೊದಲು ನೋಡಬೇಕಾದ ಇನ್ನೊಂದು ಜಾಗ ಡ್ರೈವರ್ ಸ್ಟೇಷನ್‌ನಲ್ಲಿದೆ. ರೆಡ್ 1, ಬ್ಲೂ 3 ಅಂತ ತಂಡದ ಬಣ್ಣ ಮತ್ತು ಸ್ಥಾನ ಆರಿಸುವ ಪಟ್ಟಿ ಅದು. ಪಂದ್ಯದಲ್ಲಿ ಅದನ್ನು ಮೈದಾನದ ವ್ಯವಸ್ಥೆಯೇ ತುಂಬುತ್ತದೆ. ಮನೆಯಲ್ಲಿ ನಿನ್ನೆ ಯಾರು ಏನು ಆರಿಸಿದ್ದರೋ ಅದೇ ಇರುತ್ತದೆ. ಎಷ್ಟೋ ಆಟೋ ಕೋಡ್‌ಗಳು ಬಣ್ಣ ನೋಡಿ ದಾರಿಯನ್ನೇ ತಿರುಗಿಸುತ್ತವೆ. ನೀಲಿ ಕಡೆ ರೋಬೋ ಇಟ್ಟು ಕೆಂಪು ಆರಿಸಿದ್ದರೆ ಅದು ಎಲ್ಲರೂ ಕಾಯುತ್ತಿರುವ ದಿಕ್ಕು ಬಿಟ್ಟು ಬೇರೆ ಕಡೆಗೆ ಹೋಗುತ್ತದೆ, ಬಹಳ ಸಲ ನೋಡುತ್ತ ನಿಂತವರ ಕಡೆಗೇ. ‘ಬಣ್ಣ ಯಾವುದು?’ ಅಂತ ನೀವು ಜೋರಾಗಿ ಕೇಳಿ, ಡ್ರೈವರ್ ಜೋರಾಗಿ ಹೇಳಲಿ. ಅದಾದ ಮೇಲೆ ‘ಎನೇಬಲ್’ ಅಂತ ಕೂಗಿ ಒತ್ತಲಿ.

ಹೊಸ ಕೋಡ್ ಹಾಕಿದ ದಿನ ಸೀದಾ ನೆಲದ ಮೇಲೆ ಇಳಿಸಬೇಡಿ. ಚೌಕಟ್ಟಿನ ಕೆಳಗೆ ದಪ್ಪ ಮರದ ತುಂಡು ಇಟ್ಟು ಚಕ್ರ ಗಾಳಿಯಲ್ಲಿ ತಿರುಗುವ ಹಾಗೆ ಎತ್ತಿ. ಪೂರ್ತಿ ಪ್ರಾಕ್ಟಿಸ್ ಪಂದ್ಯ ಅಲ್ಲೇ ಓಡಿಸಿ, ಕಂಟ್ರೋಲರ್ ಯಾರೂ ಮುಟ್ಟಬಾರದು. ಟೆಲಿಆಪ್ ಬಂದಾಗ ಏನಾದರೂ ಅಲುಗಿತು ಅಂದರೆ ದೋಷ ಇದೆ. ನಿಮ್ಮ ಮೇಜಿಗೆ ಗುದ್ದಿದ ದೋಷವೂ ಇಲ್ಲೇ ಸಿಕ್ಕಿಬೀಳುತ್ತಿತ್ತು. ಒಂದು ವಿಷಯ ಗೊತ್ತಿರಲಿ: ಮರದ ಮೇಲೆ ರೋಬೋ ನಿಜವಾಗಿ ತಿರುಗದ ಕಾರಣ ಜೈರೋ, ಅಂದರೆ ತಿರುಗುವುದನ್ನು ಅಳೆಯುವ ಸೆನ್ಸರ್, ತೋರಿಸುವ ಅಂಕಿ ಬದಲಾಗುವುದಿಲ್ಲ. ಆಟೋದಲ್ಲಿ ‘90 ಡಿಗ್ರಿ ತಿರುಗು’ ಅಂತ ಇದ್ದರೆ ಚಕ್ರಗಳು ತಿರುಗುತ್ತಲೇ ಇರಬಹುದು. ಅದು ದೋಷ ಅಲ್ಲ, ಹೆದರಬೇಡಿ. ಅಲ್ಲೇ ಸ್ಪೇಸ್‌ಬಾರ್ ಪರೀಕ್ಷೆ ಮಾಡಿ. ಚಕ್ರ ತಿರುಗುತ್ತಿರುವಾಗ ಲ್ಯಾಪ್‌ಟಾಪ್‌ನ ವೈಫೈ ಆರಿಸಿ, ಸಂಪರ್ಕ ಕಡಿದಾಗ ರೋಬೋ ತಾನಾಗಿ ನಿಲ್ಲುತ್ತಾ ನೋಡಿ. ನಿಲ್ಲಬೇಕು. ಕೇಬಲ್ ಹಾಕಿ ಪರೀಕ್ಷೆ ಮಾಡುವುದಿದ್ದರೆ ಅದೂ ಮರದ ಮೇಲೆ ಮಾತ್ರ. ನೆಲದ ಮೇಲೆ ಆದರೆ ರೋಬೋ ಓಡಿ ಲ್ಯಾಪ್‌ಟಾಪನ್ನೂ ಎಳೆದುಕೊಂಡು ಹೋಗುತ್ತದೆ, ಜೊತೆಗೆ ನಿಮ್ಮ ಸ್ಪೇಸ್‌ಬಾರನ್ನೂ.

ಇಷ್ಟಾದ ಮೇಲೆ ಪಂದ್ಯದ ಹಾಗೆ ಆಡಿಸುವುದಕ್ಕೆ ಅರ್ಥ ಇದೆ. ಬಂಪರ್ ಹಾಕಿಯೇ ಆಡಿಸಿ. ಅದರ ತೂಕ ಇಲ್ಲದೆ ಓಡಿಸಿದರೆ ರೋಬೋ ತಿರುಗುವ ರೀತಿಯೇ ಬೇರೆ. ಪ್ರತಿ ಅಣಕು ಪಂದ್ಯಕ್ಕೆ ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ, ಯಾಕೆಂದರೆ ನಿಜ ಪಂದ್ಯದಲ್ಲೂ ಹಾಗೇ ಮಾಡುತ್ತೀರಿ. 12 ವೋಲ್ಟ್, 18 ಆಂಪಿಯರ್-ಅವರ್‌ನ ಆ ಲೆಡ್ ಆಸಿಡ್ ಬ್ಯಾಟರಿ ದಣಿದಾಗ, ರೋಬೋ ಜೋರಾಗಿ ತಳ್ಳುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ. ಹಳೆಯ ರೋಬೋರಿಯೋದಲ್ಲಿ 6.3 ವೋಲ್ಟ್, ರೋಬೋರಿಯೋ 2ರಲ್ಲಿ ಸುಮಾರು 6.75 ವೋಲ್ಟ್‌ಗಿಂತ ಕೆಳಗೆ ಹೋದರೆ ಅದು ತನ್ನನ್ನು ಉಳಿಸಿಕೊಳ್ಳಲು ಮೋಟಾರ್‌ಗಳನ್ನು ಬಿಟ್ಟುಬಿಡುತ್ತದೆ. ಇದೇ ಬ್ರೌನ್‌ಔಟ್. ರೋಬೋ ಬಿಕ್ಕಳಿಸುತ್ತದೆ, ಮಕ್ಕಳು ರಾತ್ರಿಯೆಲ್ಲ ಕೋಡ್‌ನಲ್ಲಿ ದೋಷ ಹುಡುಕುತ್ತಾರೆ. ಡ್ರೈವರ್ ಸ್ಟೇಷನ್‌ನ ಲಾಗ್ ತೆರೆದರೆ ವೋಲ್ಟೇಜ್ ಗೆರೆಯಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಲೆಕ್ಕಪತ್ರ ಓದಿ ಗೊತ್ತಿರುವ ನಿಮಗೆ ಆ ಲಾಗ್ ಓದುವುದು ಕಷ್ಟವೇ ಅಲ್ಲ.

ಬ್ಯಾಟರಿಗಳಿಗೆ ನಂಬರ್ ಅಂಟಿಸಿ, ಯಾವುದು ಯಾವಾಗ ಓಡಿತು ಅಂತ ಬರೆದಿಡಿ. ಚಾರ್ಜರ್ 6 ಆಂಪಿಯರ್ ಮೀರಬಾರದು ಅನ್ನುವುದು ನಿಯಮ. ಅಂದರೆ ಪೂರ್ತಿ ಖಾಲಿಯಾದದ್ದಕ್ಕೆ ಮೂರು ಗಂಟೆ ಮೇಲೇ ಬೇಕು. ನಾಲ್ಕು ಬ್ಯಾಟರಿ ಇದ್ದರೆ ಒಂದು ಸಂಜೆಗೆ ನಾಲ್ಕು ಒಳ್ಳೆಯ ಪಂದ್ಯ. ಐದನೆಯದನ್ನು ಅರ್ಧ ಸತ್ತ ಬ್ಯಾಟರಿಯಲ್ಲಿ ಓಡಿಸಿ ‘ಆಟೋ ದೂರ ತಪ್ಪುತ್ತಿದೆ’ ಅಂತ ಕೋಡ್ ತಿದ್ದುವುದಕ್ಕಿಂತ ಮನೆಗೆ ಹೋಗುವುದು ವಾಸಿ. ಸುಮಾರು ಆರು ಕೆಜಿ ಭಾರದ ಆ ಬ್ಯಾಟರಿಯನ್ನು ವೈರ್ ಹಿಡಿದು ಎತ್ತಬಾರದು. ಬಿದ್ದು ಬಿರುಕು ಬಿಟ್ಟದ್ದನ್ನು ಮತ್ತೆ ಹಾಕಬಾರದು. ಸೋರಿದರೆ ಸುರಿಯಲು ಅಡುಗೆ ಸೋಡಾ ಹತ್ತಿರ ಇರಲಿ.

ಎದುರಾಳಿಯ ತಡೆ ಅಭ್ಯಾಸ ಮಾಡಲು ಹಳೆಯ ರೋಬೋ ತರುತ್ತೇವೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ತರಲಿ, ಆದರೆ ಎರಡು ರೋಬೋಗೆ ಎರಡು ಲ್ಯಾಪ್‌ಟಾಪ್, ಎರಡು ಲ್ಯಾಪ್‌ಟಾಪ್‌ಗೆ ನಿಲ್ಲಿಸುವವರು ಇಬ್ಬರು. ಒಬ್ಬರೇ ಎರಡನ್ನೂ ನೋಡುತ್ತೇನೆ ಅಂದರೆ ಒಪ್ಪಬೇಡಿ. ಚೆಂಡು ಕೊಡುವ ಹ್ಯೂಮನ್ ಪ್ಲೇಯರ್ ನಿಜ ಮೈದಾನದಲ್ಲಿ ಗೋಡೆಯ ಹಿಂದೆ ಇರುತ್ತಾನೆ. ನಿಮ್ಮಲ್ಲಿ ಗೋಡೆ ಇಲ್ಲ, ಹಾಗಾಗಿ ಮಡಚುವ ಮೇಜುಗಳನ್ನು ಅಡ್ಡ ಮಲಗಿಸಿ, ಹಿಂದೆ ಭಾರ ಇಟ್ಟು ಗೋಡೆ ಮಾಡಿ.

ಭಾರತದಲ್ಲಿ ಓದುತ್ತಿರುವವರಿಗೆ ಒಂದು ಮಾತು. ನಮ್ಮ ಕಡೆ ಶಾಲಾ ಮಕ್ಕಳು ಆಡುವ, ಇದೇ ಸಂಸ್ಥೆಯ ಇನ್ನೊಂದು ಸ್ಪರ್ಧೆ ಎಫ್‌ಟಿಸಿ. ಮೈದಾನ 12 ಅಡಿ ಚೌಕ, ರೋಬೋ ಚಿಕ್ಕದು, ಆಟೋ 30 ಸೆಕೆಂಡ್, ಟೆಲಿಆಪ್ 2 ನಿಮಿಷ. ಅಲ್ಲಿ ಸ್ಪೇಸ್‌ಬಾರ್ ಇಲ್ಲ, ಡ್ರೈವರ್ ಹಬ್‌ನ ಸ್ಕ್ರೀನ್ ಮೇಲಿನ ಸ್ಟಾಪ್ ಗುಂಡಿ ಒತ್ತಬೇಕು. ಮರದ ತುಂಡು, ತೋಳಿನ ಗುರಿ, ನಿಲ್ಲಿಸುವ ಒಬ್ಬರು, ಇವೆಲ್ಲ ಅಲ್ಲಿಗೂ ಹಾಗೇ ಅನ್ವಯಿಸುತ್ತವೆ.

ಕೊನೆಯದಾಗಿ ಮೈದಾನದ ವ್ಯವಸ್ಥೆ. ನಿಜ ಪಂದ್ಯದಲ್ಲಿ ಎನೇಬಲ್ ಮಾಡುವುದು ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಎಫ್‌ಎಂಎಸ್ ಅನ್ನುವ ಮೈದಾನದ ಕಂಪ್ಯೂಟರ್. ಅದರ ಅನುಭವ ಬೇಕು ಅನ್ನುವವರಿಗೆ 254ನೇ ನಂಬರಿನ ತಂಡ ಬರೆದ ‘ಚೀಸಿ ಅರೀನಾ’ ಅನ್ನುವ ಉಚಿತ ತಂತ್ರಾಂಶ ಇದೆ. ನಿಮ್ಮ ತಂಡ ಈಗಲೇ ಅದಕ್ಕೆ ಕೈ ಹಾಕುವುದು ಬೇಡ ಅನ್ನಿಸುತ್ತದೆ. ಹಾಕಿದರೂ ಅದಕ್ಕೆ ಸೇರಿಸಿದ ಮೇಲೆ ಸ್ಪೇಸ್‌ಬಾರ್ ಕೆಲಸ ಮಾಡುತ್ತದೆ ಅಂತ ನಂಬಬೇಡಿ, ಮರದ ತುಂಡಿನ ಮೇಲೆ ಪರೀಕ್ಷಿಸಿ. ಎಫ್‌ಎಂಎಸ್‌ಗೆ ಸೇರಿದ ಡ್ರೈವರ್ ಸ್ಟೇಷನ್ ಪಂದ್ಯದ ಹೊತ್ತಿನಲ್ಲಿ ಎಂಟರ್, ಸ್ಪೇಸ್‌ಬಾರ್ ಎರಡನ್ನೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಡ್ರೈವರ್‌ಗಳ ಮುಂದೆ ಲ್ಯಾಪ್‌ಟಾಪ್ ಇಡುವ ಹಲಗೆಯ ಮೇಲೆ ನಿಜವಾದ ಇ-ಸ್ಟಾಪ್ (ಎಮರ್ಜೆನ್ಸಿ ಸ್ಟಾಪ್) ಗುಂಡಿ ಇರುತ್ತದೆ. ಈಚಿನ ವರ್ಷಗಳಲ್ಲಿ ಅಲ್ಲಿ ಎ-ಸ್ಟಾಪ್ ಕೂಡ ಇದೆ. ಎ-ಸ್ಟಾಪ್ ಆಟೋ ಮುಗಿಯುವ ತನಕ ಮಾತ್ರ ನಿಲ್ಲಿಸುತ್ತದೆ, ಟೆಲಿಆಪ್‌ನಲ್ಲಿ ರೋಬೋ ಮತ್ತೆ ಆಡಬಹುದು. ಇ-ಸ್ಟಾಪ್ ಒತ್ತಿದರೆ ನಿಮ್ಮ ರೋಬೋಗೆ ಆ ಪಂದ್ಯ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಸ್ಪೇಸ್‌ಬಾರ್‌ಗೆ ಒಗ್ಗಿದ ಕೈ ಮೈದಾನದಲ್ಲೂ ಲ್ಯಾಪ್‌ಟಾಪ್ ಕಡೆಗೇ ಹೋಗುತ್ತದೆ. ಹಾಗಾಗಿ ಮೊದಲ ಅಭ್ಯಾಸ ಪಂದ್ಯಕ್ಕೆ ಹೋದಾಗ ಮಗಳು ಮತ್ತು ಅವಳ ಡ್ರೈವ್ ಟೀಮ್ ಎರಡೂ ಗುಂಡಿಗಳ ಮೇಲೆ ಒಂದು ಸಲ ಕೈಯಾಡಿಸಿ, ಯಾವುದನ್ನು ಯಾರು ಒತ್ತಬೇಕು ಅಂತ ಅಲ್ಲೇ ಹಂಚಿಕೊಳ್ಳಲಿ.